ಹದಿನೆಂಟನೆಯ ಗುಲಾಬಿ

ಫಿಲಿಪ್ಪೀನ್ಸ್ ದ್ವೀಪಗಳ ರಾಜಧಾನಿಯಾದ ಮನಿಲಾ ನಗರದಲ್ಲಿ ದಿವಿಸೋರಿಯಾ ಎಂಬ ಪೇಟೆಯೊಂದುಂಟು. ನಮ್ಮ ಚಿಕ್ಕಪೇಟೆಯನ್ನು ನಾಲ್ಕು ಪಾಲು ಹಿಗ್ಗಿಸಿ, ಅದರ ಮೇಲೆ ಕಡಲತೀರದ ಸೆಕೆಯನ್ನು ಸುರಿದರೆ ಅದರ ಸ್ವರೂಪ ಒಂದಿಷ್ಟು ಕಣ್ಣಿಗೆ ಕಟ್ಟೀತು. ಪಕ್ಕದಲ್ಲಿಯೇ 1594ರಲ್ಲಿ ನೆಲೆಗೊಂಡ ಬಿನೊಂಡೊ ಎಂಬ ಚೀನೀಯರ ಕೇರಿ. ಇನ್ನೊಂದು ಬದಿಗೆ ತುತುಬಾನಿನ ಹಳೆಯ ರೈಲು ನಿಲ್ದಾಣ. ಸ್ಪೇನಿನ ವಿರುದ್ಧ ಬಂಡೆದ್ದ ಆಂದ್ರೆಸ್ ಬೊನಿಫಾಸಿಯೊ 1863ರಲ್ಲಿ ಹುಟ್ಟಿದ್ದು ಈ ತೊಂಡೊ ಪ್ರದೇಶದಲ್ಲಿಯೇ. ಅಂತಹ ವೀರನ ಪ್ರತಿಮೆಯ ಸನಿಹದಲ್ಲಿ ಇಂದು ಜನ ರಿಬ್ಬನ್ನಿಗೂ ಗುಂಡಿಗೂ ಚೌಕಾಶಿ ಮಾಡುತ್ತ ನಿಂತಿರುತ್ತಾರೆ. ಇತಿಹಾಸಕ್ಕೆ ಇದರಿಂದ ಅವಮಾನವಾಯಿತೆಂದು ನನಗೆ ತೋರಲಿಲ್ಲ.

ನಾನು ಆ ಪೇಟೆಗೆ ಹೋದದ್ದು ಕಾಗದ ಕೊಳ್ಳುವವರ ಜೊತೆಗಾರನಾಗಿ. 2024ರ ಮೇ ತಿಂಗಳಲ್ಲಿ, ಬೇಸಗೆಯ ರಜೆಯಲ್ಲಿ, ಮೂರು ವಾರ ನಾನು ತಂಗಿದ್ದ ಮನೆಯ ಹಿರಿಯ ಮಗಳಿಗೆ ಜೂನ್ ಕೊನೆಗೆ ಹದಿನೆಂಟು ತುಂಬುವುದಿತ್ತು. ಆ ಹುಟ್ಟುಹಬ್ಬವನ್ನು ಅಲ್ಲಿ ‘ಡೆಬ್ಯೂ’ ಎನ್ನುವರು. ಮಾತು ಫ್ರೆಂಚರದು, ನೃತ್ಯ ಯುರೋಪಿನದು, ಊಟ ಮಾತ್ರ ಪೂರ್ಣವಾಗಿ ಫಿಲಿಪ್ಪೀನರದು. ಮುನ್ನೂರು ವರ್ಷಕ್ಕೂ ಮಿಕ್ಕಿ ಸ್ಪೇನಿನವರೂ, ಆಮೇಲೆ 1946ರವರೆಗೆ ಅಮೆರಿಕನರೂ ಆಳಿದ ನಾಡಿನಲ್ಲಿ ಇಂತಹ ಕೂಡಿಕೆ ಅಚ್ಚರಿಯಲ್ಲ. ಪ್ರಾಪ್ತವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕಿಳಿಸಿದ ಕಾನೂನು ಬಂದದ್ದು 1989ರಲ್ಲಿ. ಹೆಣ್ಣುಮಕ್ಕಳ ಹದಿನೆಂಟರ ಈ ಸಂಭ್ರಮ ಅದಕ್ಕಿಂತಲೂ ಹಳೆಯದು.

ಸಂಭ್ರಮವೆಲ್ಲವೂ ಹದಿನೆಂಟರ ಲೆಕ್ಕದಲ್ಲಿ ನಡೆಯುವುದು. ಹದಿನೆಂಟು ಪರ್ವ, ಹದಿನೆಂಟು ಅಧ್ಯಾಯಗಳೆಂದು ಕೇಳಿ ಬೆಳೆದ ನಮ್ಮ ಕಿವಿಗೆ ಆ ಸಂಖ್ಯೆಯ ಗೌರವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹದಿನೆಂಟು ಮಂದಿ ಗಂಡಸರು ಒಬ್ಬೊಬ್ಬರಾಗಿ ಬಂದು ಹುಡುಗಿಗೆ ಒಂದೊಂದು ಗುಲಾಬಿಯನ್ನು ಕೊಟ್ಟು ಆಕೆಯೊಡನೆ ನಾಲ್ಕು ಹೆಜ್ಜೆ ನರ್ತಿಸುವರು. ಹದಿನೆಂಟು ಮಂದಿ ಹೆಂಗಸರು ಒಂದೊಂದು ಮೇಣದಬತ್ತಿಯನ್ನು ಬೆಳಗಿಸಿ, ಆಕೆಯ ವಿಷಯವಾಗಿ ಎರಡು ಮಾತಾಡಿ ಹರಸುವರು. ಒಂಬತ್ತು ಜೋಡಿಗಳು ಕೂಡಿ ಕುಣಿಯುವ ‘ಕೊಟಿಲಿಯನ್’ ನೃತ್ಯದಲ್ಲಿಯೂ ಕಾಲುಗಳನ್ನು ಬಿಟ್ಟು ತಲೆಗಳನ್ನೆಣಿಸಿದರೆ ಹದಿನೆಂಟೇ. ಈಚೆಗೆ ಹದಿನೆಂಟು ‘ನೀಲಿ ನೋಟು’ಗಳೆಂಬುದೂ ಸೇರಿಕೊಂಡಿದೆ, ಸಾವಿರ ಪೆಸೊವಿನ ನೋಟಿನ ಬಣ್ಣ ನೀಲಿ. ಈ ಕೊನೆಯದನ್ನು ಯಾರು ಕಂಡುಹಿಡಿದರೋ, ಅವರು ವ್ಯವಹಾರಸ್ಥರೆಂಬುದರಲ್ಲಿ ಸಂಶಯವಿಲ್ಲ.

ಇದರಿಂದಾಗಿ ಅಲ್ಲಿನ ಆಮಂತ್ರಣ ಪತ್ರಿಕೆ ಕೇವಲ ಸ್ಥಳ, ಕಾಲಗಳನ್ನು ತಿಳಿಸುವ ಕಾಗದವಲ್ಲ. ಗುಲಾಬಿಯವರ ಹೆಸರುಗಳೂ ಮೇಣದಬತ್ತಿಯವರ ಹೆಸರುಗಳೂ ಅದರೊಳಗೆ ಸಾಲಾಗಿ ಅಚ್ಚಾಗಿರುತ್ತವೆ. ಯಾರು ಹದಿನೆಂಟರೊಳಗೆ, ಯಾರು ಹೊರಗೆ ಎಂಬುದು ಊರಿಗೆಲ್ಲ ಅದರಿಂದ ತಿಳಿಯುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲಿ ‘ಸುಖಾಗಮನ ಬಯಸುವವರ’ ಪಟ್ಟಿಯಿಂದ ಒಂದು ಹೆಸರು ಜಾರಿದರೆ ಏನಾಗುವುದೆಂಬುದನ್ನು ಬಲ್ಲವರಿಗೆ ಮುಂದಿನ ಮಾತನ್ನು ವಿವರಿಸಬೇಕಿಲ್ಲ.

ಪತ್ರಿಕೆಗೆ ಒಂದು ‘ಥೀಮ್’ ಇರಬೇಕೆಂಬುದು ಅಲ್ಲಿನ ರೂಢಿ. ಮಾಯಾವನ, ಮುಖವಾಡಗಳ ರಾತ್ರಿ, ನಕ್ಷತ್ರಗಳ ಬಾನು ಇವೆಲ್ಲ ಅಂಗಡಿಗಳಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ. ಈ ಹುಡುಗಿ ಅವನ್ನೆಲ್ಲ ಬೇಡವೆಂದಳು. ತನ್ನ ಪತ್ರಿಕೆ ಕಿಟಕಿಯಾಗಿರಬೇಕು, ಅದನ್ನು ತಾನೇ ಕೈಯಿಂದ ಮಾಡಬೇಕು ಎಂಬುದು ಅವಳ ಹಟ. ಕಿಟಕಿಯೆಂದರೆ ಎಂಥದು? ವಿಗಾನ್ ಪಟ್ಟಣದ ಹಳೆಯ ಮನೆಗಳಲ್ಲಿ ಗಾಜಿನ ಬದಲು ‘ಕಾಪಿಸ್’ ಎಂಬ ತೆಳ್ಳನೆಯ ಚಿಪ್ಪನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಮರದ ಜಾಲರಿಯಲ್ಲಿ ಕೂರಿಸಿರುವರು. ಕದಗಳು ಪಕ್ಕಕ್ಕೆ ಸರಿಯುವಂಥವು. ಬಿಸಿಲು ಆ ಚಿಪ್ಪಿನೊಳಗಿಂದ ಹಾಲಿನಂತೆ ಸೋಸಿ ಬರುವುದು. ಇದೇ ಜಾತಿಯ ಚಿಪ್ಪಿನ ಕಿಟಕಿಗಳು ನಮ್ಮ ನೆರೆಯ ಗೋವೆಯ ಪೋರ್ಚುಗೀಸರ ಕಾಲದ ಮನೆಗಳಲ್ಲಿಯೂ ಉಂಟೆಂದು ನಾನು ಹೇಳಿದಾಗ ಮನೆಯವರು ನನ್ನನ್ನು ಅರ್ಧ ನೆಂಟನೆಂದೇ ಭಾವಿಸಿದರು.

ನಿಜವಾದ ಚಿಪ್ಪು ಪತ್ರಿಕೆಗೆ ಭಾರ, ಮೇಲಾಗಿ ಒಡೆಯುವಂಥದು. ಅದಕ್ಕೆಂದೇ ನಾವು ದಿವಿಸೋರಿಯಾಕ್ಕೆ ಹೊರಟದ್ದು. ತಬೋರಾ ಬೀದಿಯಲ್ಲಿ ರಿಬ್ಬನ್, ಕಸೂತಿ, ಮದುವೆಯ ನೆನಪಿನ ಕಾಣಿಕೆಗಳದೇ ರಾಜ್ಯ. ಅರೆಪಾರದರ್ಶಕ ಕಾಗದವನ್ನು ಹುಡುಗಿ ಬೆಳಕಿಗೆ ಹಿಡಿದು ಹಿಡಿದು ನೋಡಿ, ಆರನೆಯ ಅಂಗಡಿಯಲ್ಲಿ ಒಪ್ಪಿದಳು. ಜಾಲರಿಗೆ ಕಂದು ಬಣ್ಣದ ದಪ್ಪ ರಟ್ಟು. ಹೊರಗಿನ ಲಕೋಟೆಗೆ ಅಬಾಕಾ ನಾರಿನ ಒರಟು ಕಾಗದ. ಅಬಾಕಾ ಎಂಬುದು ಬಾಳೆಯ ಕುಲದ ಗಿಡ. ಹಿಂದೆ ಹಡಗುಗಳನ್ನು ಕಟ್ಟುತ್ತಿದ್ದ ಮನಿಲಾ ಹಗ್ಗ ಇದರ ನಾರಿನಿಂದಲೇ ಆಗುತ್ತಿತ್ತು. ನಮ್ಮ ಕಛೇರಿಗಳ ಕಂದು ‘ಮನಿಲಾ ಲಕೋಟೆ’ಗೆ ಹೆಸರು ಬಂದದ್ದೂ ಇದರಿಂದಲೇ. ಆ ದೇಶದ ಕಾಗದದ ನೋಟಿನಲ್ಲಿ ಐದರಲ್ಲೊಂದು ಪಾಲು ಈ ನಾರೇ ಇರುತ್ತಿತ್ತು. 2022ರಲ್ಲಿ ಸಾವಿರದ ನೋಟನ್ನು ಪ್ಲಾಸ್ಟಿಕ್ಕಿನಲ್ಲಿ ಹೊರಡಿಸಿದಾಗ ಅಬಾಕಾ ಬೆಳೆಗಾರರ ಕಡೆಯಿಂದ ಆಕ್ಷೇಪ ಕೇಳಿಬಂದುದು ಸಹಜವೇ.

ಎಪ್ಪತ್ತು ಪತ್ರಿಕೆಗಳು. ಊಟದ ಮೇಜೇ ಕಾರ್ಖಾನೆಯಾಯಿತು. ಹೊರಚೀಲದ ರಟ್ಟಿನಲ್ಲಿ ಇಪ್ಪತ್ತನಾಲ್ಕು ಪುಟ್ಟ ಚೌಕಗಳನ್ನು ಚೂಪಾದ ಅಲಗಿನಿಂದ ಕೊರೆಯುವುದು, ಹಿಂದೆ ಅರೆಪಾರದರ್ಶಕ ಕಾಗದವನ್ನು ಅಂಟಿಸುವುದು, ಒಳಗಿನ ಹಾಳೆ ಪಕ್ಕಕ್ಕೆ ಸರಿಯುವಷ್ಟು ಮಾತ್ರ ಸಂದು ಬಿಡುವುದು. ಒಳಹಾಳೆಯ ಅಕ್ಷರಗಳು ಮುಚ್ಚಿದ್ದಾಗ ಮಂಜಿನಲ್ಲಿದ್ದಂತೆ ಕಂಡು, ಎಳೆದಾಗ ಸ್ಪಷ್ಟವಾಗಬೇಕು. ಹೇಳುವುದು ಸುಲಭ. ಮನಿಲಾದ ಹವೆಯಲ್ಲಿ ಗೋಂದು ಬೇಗನೆ ಒಣಗದು. ನೀರು ಹೆಚ್ಚಾದ ಗೋಂದಿಗೆ ತೆಳುಕಾಗದ ಹಪ್ಪಳದಂತೆ ಸುರುಳಿಗೊಳ್ಳುವುದು. ಕೊನೆಗೆ ಗೋಂದನ್ನು ಕುಂಚದ ಬದಲು ಬೆಂಕಿಕಡ್ಡಿಯ ತುದಿಯಿಂದ, ಜಾಲರಿಯ ಗೆರೆಗಳ ಮೇಲೆ ಮಾತ್ರ ಸವರಿ, ಹತ್ತು ಹತ್ತನ್ನು ಒಟ್ಟಿ ಮೇಲೆ ಅಕ್ಕಿಯ ಚೀಲವನ್ನಿಡುವ ಉಪಾಯ ಫಲಿಸಿತು.

ಮನೆಯ ಅಜ್ಜಿಯನ್ನು ಎಲ್ಲರೂ ‘ಲೋಲಾ’ ಎಂದು ಕರೆಯುತ್ತಿದ್ದರು. ಆಕೆಯ ತವರು ಬುಲಕಾನ್ ಪ್ರಾಂತದ ಸಾನ್ ಮಿಗೆಲ್. ಎಮ್ಮೆಯ ಹಾಲಿನ ‘ಪಾಸ್ತಿಯಾಸ್’ ಎಂಬ ಮಿಠಾಯಿಗೆ ಅಲ್ಲಿ ಕತ್ತರಿಸಿದ ಕಾಗದದ ಹೊದಿಕೆ ತೊಡಿಸುವರು. ಅದರ ಹೆಸರು ‘ಪಬಾಲತ್’. ತೆಳ್ಳನೆಯ ಬಣ್ಣದ ಜಪಾನಿ ಕಾಗದವನ್ನು ಮಡಿಸಿ, ಸಣ್ಣ ಕತ್ತರಿಯಿಂದ ಹೂವು, ಗುಡಿಸಲು, ಕೆಲವೊಮ್ಮೆ ಅಕ್ಷರಗಳನ್ನೂ ಕೊರೆಯುವರು. ಮಿಠಾಯಿ ಬೆರಳುದ್ದವಾದರೆ ಹೊದಿಕೆಯ ಬಾಲ ಗೇಣುದ್ದ. ತಿಂದು ಎಸೆಯುವ ಕಾಗದಕ್ಕೆ ಇಷ್ಟೊಂದು ಕಣ್ಣು ಸವೆಸುವ ಕಲೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಲೋಲಾ ಮೇಜಿನ ತುದಿಯಲ್ಲಿ ಕುಳಿತು ಮೊಮ್ಮಗಳ ಜಾಲರಿಗಳನ್ನು ನೋಡುತ್ತಿದ್ದಳೇ ಹೊರತು ಕರೆಯದೆ ಕೈಹಾಕಲಿಲ್ಲ.

ತೊಡಕು ಹುಟ್ಟಿದ್ದು ಹೆಸರುಗಳ ಹಾಳೆಯಲ್ಲಿ. ಗುಲಾಬಿಯ ಹದಿನೇಳು ಹೆಸರುಗಳು ಎರಡು ರಾತ್ರಿಗಳ ವಾದದಲ್ಲಿ ನಿಂತವು. ಹದಿನೆಂಟನೆಯದು ತಂದೆಯದೆಂದು ಹುಡುಗಿ ಮೊದಲೇ ತೀರ್ಮಾನಿಸಿದ್ದಳು. ತಂದೆಯಾದರೋ ಸರಕುಹಡಗಿನಲ್ಲಿ ನಾವಿಕ. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನರ ಪಾಲು ಬಹು ದೊಡ್ಡದು; ಆ ದೇಶದ ಎಷ್ಟೋ ಮನೆಗಳಲ್ಲಿ ತಂದೆಯೆಂದರೆ ದೂರವಾಣಿಯ ಪರದೆಯ ಮೇಲಿನ ಮುಖ. ಈತನ ಒಂಬತ್ತು ತಿಂಗಳ ಕರಾರು ಜೂನ್ ನಡುವಿಗೆ ಮುಗಿಯಬೇಕು. ಆದರೆ ಬದಲಿ ನಾವಿಕನು ಯಾವುದಾದರೊಂದು ಬಂದರಿನಲ್ಲಿ ಹತ್ತುವ ತನಕ ಇವನು ಇಳಿಯುವಂತಿಲ್ಲ. ಬದಲಿಯು ಯಾವಾಗ, ಯಾವ ಬಂದರಿಗೆ ಬರುವನೆಂದು ಮೇ ತಿಂಗಳಲ್ಲಿ ಹೇಳಬಲ್ಲವರಾರು?

ತಾಯಿ ಲೋಕಾನುಭವವುಳ್ಳವಳು. ಹಿರಿಯ ಸೋದರಮಾವನ ಹೆಸರನ್ನು ಅಚ್ಚು ಹಾಕಿಸೋಣ, ತಂದೆ ಬಂದರೆ ಮಾವ ಬಿಟ್ಟುಕೊಡುತ್ತಾನೆ ಎಂದಳು. ಮಗಳು ಒಪ್ಪಲಿಲ್ಲ. ತಂದೆಯ ಹೆಸರನ್ನೇ ಹಾಕಿಸಿದರೆ, ಅವನು ಬಾರದಿದ್ದಲ್ಲಿ ನೂರು ಮಂದಿಯೆದುರು ಆ ಹೆಸರನ್ನು ಕೂಗಿದಾಗ ನೆಲದ ನಡುವೆ ನೀನೊಬ್ಬಳೇ ನಿಲ್ಲಬೇಕಾಗುವುದು ಎಂದಳು ತಾಯಿ. ಅದಕ್ಕೆ ಮಗಳ ಬಳಿ ಉತ್ತರವಿರಲಿಲ್ಲ. ಅಲಗನ್ನು ಕೆಳಗಿಟ್ಟು ಎದ್ದುಹೋದಳು. ಎರಡು ದಿನ ಮೇಜಿನ ಮೇಲೆ ಕಿಟಕಿಗಳು ಹಾಗೆಯೇ ಬಿದ್ದಿದ್ದವು. ಹೊರಗಿನವನಾದ ನಾನು ಆ ದಿನಗಳಲ್ಲಿ ಊಟವನ್ನು ಬೇಗ ಮುಗಿಸುತ್ತಿದ್ದೆ.

ಮೂರನೆಯ ಬೆಳಿಗ್ಗೆ ಲೋಲಾ ಕೆಂಪು ಜಪಾನಿ ಕಾಗದವನ್ನು ತರಿಸಿದಳು. ಉಗುರಿನಗಲದ ಗುಲಾಬಿಯೊಂದನ್ನು ಕತ್ತರಿಸಿ, ಅದಕ್ಕೆ ಪಬಾಲತ್ತಿನಂತೆ ಸಣ್ಣ ಬಾಲವನ್ನೂ ಬಿಡಿಸಿ, ಹದಿನೇಳನೆಯ ಹೆಸರಿನ ಕೆಳಗೆ ಖಾಲಿಯಿದ್ದ ಜಾಗದಲ್ಲಿಟ್ಟಳು. ಏನನ್ನೂ ಹೇಳಲಿಲ್ಲ. ಹುಡುಗಿ ಬಹಳ ಹೊತ್ತು ಅದನ್ನು ನೋಡಿ, “ಇನ್ನು ಅರವತ್ತೊಂಬತ್ತು ಬೇಕು, ಲೋಲಾ” ಎಂದಳು. ತಾಯಿಯೂ ಕುರ್ಚಿಯನ್ನೆಳೆದುಕೊಂಡು ಕುಳಿತಳು. ಒಂದು ಹೂವಿನಂತೆ ಇನ್ನೊಂದಿರಲಿಲ್ಲ. ಯಂತ್ರದಿಂದ ಕೊರೆಸಿದ್ದರೆ ಎಪ್ಪತ್ತೂ ಒಂದೇ ಆಗುತ್ತಿದ್ದವು, ಆ ಮನೆಗೆ ಅದು ಒಪ್ಪುತ್ತಲೂ ಇರಲಿಲ್ಲ.

ಪತ್ರಿಕೆ ಹಂಚಲು ನಾನೂ ಕೆಲವು ಮನೆಗಳಿಗೆ ಹೋಗಿದ್ದೆ. ಹುಡುಗಿ ಹಿರಿಯರ ಕೈಯನ್ನು ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಳ್ಳುವಳು. ‘ಮಾನೊ’ ಎನ್ನುವ ಆ ನಮಸ್ಕಾರವಾದ ಮೇಲೆಯೇ ಪತ್ರಿಕೆ. ಎಲ್ಲರೂ ಕಿಟಕಿಯನ್ನು ಸರಿಸಿ, ಮೊದಲು ತಮ್ಮ ಹೆಸರನ್ನು ಹುಡುಕಿ, ಬಳಿಕ ಆ ಕೆಂಪು ಹೂವಿನ ಬಳಿ ಬಂದು ನಿಲ್ಲುತ್ತಿದ್ದರು. ಸೋದರಮಾವನು ಹದಿನೇಳನೆಯ ಸಾಲಿನಲ್ಲಿದ್ದ. ಅವನು ಹೂವನ್ನು ಹೆಬ್ಬೆರಳಿನಿಂದ ಸವರಿ, “ಸರಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ” ಎಂದನು.

ಹಬ್ಬಕ್ಕೆ ಮುಂಚೆಯೇ ನಾನು ಊರಿಗೆ ಮರಳಬೇಕಾಯಿತು. ಜುಲೈ ಮೊದಲಲ್ಲಿ ಹುಡುಗಿಯಿಂದ ಪತ್ರ ಬಂದಿತು. ಸಿಂಗಾಪುರದ ಬಂದರಿನಲ್ಲಿ ಬದಲಿ ನಾವಿಕ ಹತ್ತಿದನಂತೆ. ತಂದೆ ಹಬ್ಬಕ್ಕೆ ಮೂರು ದಿನ ಮೊದಲು ಮನೆಗೆ ಬಂದನಂತೆ. ಪೆಟ್ಟಿಗೆಯನ್ನಿಳಿಸಿ, ಮೇಜಿನ ಮೇಲೆ ಉಳಿದಿದ್ದ ಪತ್ರಿಕೆಯನ್ನೆತ್ತಿಕೊಂಡು ಕಿಟಕಿಯನ್ನು ಸರಿಸಿ, ಗುಲಾಬಿಯ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದನಂತೆ. ಕೊನೆಗೆ ತಲೆಯೆತ್ತಿ, ಇದು ಯಾರ ಜಾಗವೆಂದು ಕೇಳಿದನಂತೆ. ಯಾರಿಗೂ ಕೂಡಲೇ ಉತ್ತರಿಸಲಾಗಲಿಲ್ಲವೆಂದು ಆಕೆ ಬರೆದಿದ್ದಳು.