ಕರಿಬಂಡೆಯೊಳಗಿನ ಬಿಳಿ ಹರಳು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿ. ದೂರದೂರಿನ ಎಕ್ಸ್‌ಪ್ರೆಸ್ ಗಾಡಿಗಳು ಪಾರಸಿಕ್ ಗುಡ್ಡದ ಹೊಟ್ಟೆಯನ್ನೇ ಸೀಳಿಕೊಂಡು, 1916ರ ಸುರಂಗದಲ್ಲಿ ಓಡಿಹೋಗುತ್ತವೆ. ಸ್ಲೋ ಗಾಡಿ ಕೋಪರ್, ದಿವಾ ದಾಟಿ, ಗುಡ್ಡದ ಕಾಲಬುಡದ ಮುಂಬ್ರಾದಲ್ಲಿ ನಿಮ್ಮನ್ನು ಇಳಿಸುತ್ತದೆ. ಮಳೆಗಾಲ ಈಗಷ್ಟೇ ಮುಗಿದಿದೆ. ಕರಿಬಂಡೆಯ ಮೇಲೆ ಪಾಚಿ ಇನ್ನೂ ಒಣಗಿಲ್ಲ, ಹೆಜ್ಜೆ ಜೋಪಾನ.

ಮೇಲಿನಿಂದ ಉರುಳಿ ಒಡೆದ ಈ ಬಂಡೆಯ ಬಳಿ ಕುಕ್ಕರಗಾಲಲ್ಲಿ ಕೂರೋಣ. ಕಪ್ಪು ಮೈತುಂಬ ಬಾದಾಮಿಯಂಥ ಬಿಳಿ ಚುಕ್ಕೆಗಳು, ಮಧ್ಯೆ ಮುಷ್ಟಿಯಗಲದ ಒಂದು ಪೊಟರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇದು ಕೆಂಡದಂತೆ ಹರಿಯುತ್ತಿದ್ದ ಲಾವಾ. ಅದು ಹೆಪ್ಪುಗಟ್ಟುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳೇ ಈ ಪೊಟರೆಗಳಾದವು. ಆಮೇಲೆ ಬಿಸಿನೀರು ಬಿರುಕುಗಳಲ್ಲಿ ಜಿನುಗಿ, ಬಂಡೆಯಿಂದಲೇ ಕ್ಯಾಲ್ಸಿಯಂ ಕರಗಿಸಿಕೊಂಡು ಬಂದು ಖಾಲಿ ಜಾಗವನ್ನು ತುಂಬಿತು.

ಆದರೆ ಬಿಳಿಯದೆಲ್ಲ ಒಂದೇ ಅಲ್ಲ. ಬೆಣಚು ಇರಬಹುದು, ಜಿಯೊಲೈಟ್ ಇರಬಹುದು. ಚಾಕುವಿನ ತುದಿಯಿಂದ ಗೀರಿ ನೋಡಿ. ಬೆಣಚಾಗಿದ್ದರೆ ಚಾಕುವೇ ಸೋಲುತ್ತಿತ್ತು. ಇದು ಸುಲಭವಾಗಿ ಪುಡಿ ಬಿಡುತ್ತದೆ, ಗಡಸುತನ ಬರೀ 3. ಆ ಪುಡಿಯ ಮೇಲೆ ನಿಂಬೆಹಣ್ಣು ಹಿಂಡಿ, ಕಿವಿ ಹತ್ತಿರ ತನ್ನಿ. ಚುಸ್ಸ್! ಸಣ್ಣ ಗುಳ್ಳೆಗಳೇಳುತ್ತಿವೆ. ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಯುಗಯುಗಗಳಿಂದ ಕಲ್ಲಲ್ಲಿ ಬಂಧಿಯಾಗಿದ್ದ ಇಂಗಾಲದ ಡೈಆಕ್ಸೈಡ್ ಈಗ ನಿಮ್ಮ ಬೆರಳುಗಳ ನಡುವೆ ಹೊರಬೀಳುತ್ತಿದೆ. ಅಜ್ಜಿಯ ಸುಣ್ಣದ ಡಬ್ಬಿಯಲ್ಲಿ ಗಾಳಿಗೆ ಒಣಗಿ ಗಟ್ಟಿಯಾಗುತ್ತಿದ್ದ ಹೊಪ್ಪಳಿಕೆಯೂ ಇದೇ ವಸ್ತು. ಈ ನೆಂಟಸ್ತನ ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹರಳನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಕುಟ್ಟಿ. ಹೇಗೆ ಒಡೆದರೂ ಓರೆಯಾದ ಪೆಟ್ಟಿಗೆಯ ಆಕಾರವೇ: ಒಂದು ಮೂಲೆ 78 ಡಿಗ್ರಿಯ ಹತ್ತಿರ, ಪಕ್ಕದ್ದು 102ರ ಹತ್ತಿರ. ಅದರೊಳಗೆ ಪರಮಾಣುಗಳು ಕೂತ ಸಾಲೇ ಹಾಗೆ.

ಹೆಬ್ಬೆರಳ ಗಾತ್ರದ ಒಂದು ತಿಳಿ ಚೂರು ಸಿಕ್ಕಿತೇ? ಬಿಡಬೇಡಿ. ಜೋಳಿಗೆಯಲ್ಲಿರುವ ಕನ್ನಡ ಪತ್ರಿಕೆಯನ್ನು ಮೊಣಕಾಲ ಮೇಲೆ ಹರವಿ, ಅಕ್ಷರದ ಮೇಲೆ ಅದನ್ನು ಇಡಿ. ಒಂದು ‘ಕ’ ಇದ್ದಲ್ಲಿ ಎರಡು! ಒಳಹೊಕ್ಕ ಬೆಳಕು ಎರಡಾಗಿ ಸೀಳಿ, ಹರಳೊಳಗೆ ಬೇರೆ ಬೇರೆ ವೇಗದಲ್ಲಿ ಸಾಗಿ ಹೊರಬರುತ್ತದೆ. ಡೆನ್ಮಾರ್ಕಿನ ಬಾರ್ತೊಲಿನ್ ಐಸ್‌ಲ್ಯಾಂಡಿನಿಂದ ಬಂದ ಇಂಥದೇ ಹರಳಲ್ಲಿ ಇದನ್ನು ಕಂಡು 1669ರಲ್ಲಿ ಬರೆದಿಟ್ಟ. ಈಗ ಚೂರನ್ನು ನಿಧಾನವಾಗಿ ತಿರುಗಿಸಿ. ಒಂದು ‘ಕ’ ಅಲುಗದೆ ನಿಂತಿದೆ, ಇನ್ನೊಂದು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದೆ.