ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡಿ

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ರಾತ್ರಿ ಗಾಳ ಹಾಕುವವರ ಹತ್ತಿರ ಏನು ಬೇಕಾದರೂ ಕೇಳಬಹುದು. ಹೆಂಡತಿ ಯಾಕೆ ಬಿಟ್ಟು ಹೋದಳು, ಮೊಣಕಾಲಿನ ಆಪರೇಷನ್ನಿಗೆ ಎಷ್ಟು ಖರ್ಚಾಯಿತು, ಎಲ್ಲದಕ್ಕೂ ಉತ್ತರ ಸಿಗುತ್ತದೆ. ‘ಈ ಮೀನು ಎಲ್ಲಿ ಸಿಕ್ಕಿತು?’ ಅಂದರೆ ಮಾತ್ರ ಮುಖ ಆಚೆ ತಿರುಗುತ್ತದೆ. ಒತ್ತಾಯ ಮಾಡಿದರೆ ‘ನೀರಿನಲ್ಲಿ’ ಅನ್ನುತ್ತಾರೆ. ಸ್ವಲ್ಪ ಸಲಿಗೆ ಇದ್ದರೆ ‘ಬಾಯಿಯಲ್ಲಿ ಸಿಕ್ಕಿಕೊಂಡಿತು’ ಅನ್ನುತ್ತಾರೆ.

ನಾವಿಬ್ಬರು ತೀರ್ಥಹಳ್ಳಿ ಕಡೆಯವರು. ಕೆಲಸಕ್ಕೆಂದು ರೋಡ್ ಐಲೆಂಡ್‌ಗೆ ಬಂದು ಆರು ವರ್ಷವಾಯಿತು. ರಾಜ್ಯ ಅಂತ ಹೆಸರು, ಆದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಅರ್ಧಕ್ಕಿಂತ ಚಿಕ್ಕದು. ಎಲ್ಲಿ ಹೋದರೂ ಹೊಕ್ಕು ಹೊರಟು ಸಮುದ್ರವೇ. ಇಲ್ಲಿಯ ಗುಟ್ಟು ನಮಗೆ ವಿಚಿತ್ರ ಅನ್ನಿಸಲಿಲ್ಲ. ಊರಿನಲ್ಲಿ ಅಣಬೆ ಏಳುವ ಜಾಗವನ್ನು ಅಜ್ಜಿಯಂದಿರು ಸೊಸೆಗೂ ಹೇಳುತ್ತಿರಲಿಲ್ಲ. ಬುಟ್ಟಿ ಹಿಡಿದು ಹೊರಟವಳು ಒಂದು ದಿಕ್ಕಿಗೆ ಹೋಗಿ, ಯಾರೂ ಇಲ್ಲ ಅಂತ ನೋಡಿಕೊಂಡು ಇನ್ನೊಂದು ದಿಕ್ಕಿಗೆ ತಿರುಗುತ್ತಿದ್ದಳು. ಇಲ್ಲಿಯವರೂ ಅದನ್ನೇ ಮಾಡುತ್ತಾರೆ, ಕಾರಿನಲ್ಲಿ. ಗಾಳ ಹಾಕುವ ಬಂಡೆಯಿಂದ ಒಂದು ಮೈಲಿ ಆಚೆ ಕಾರು ನಿಲ್ಲಿಸಿ ಕತ್ತಲಲ್ಲಿ ನಡೆದು ಬರುತ್ತಾರೆ.

ಇಷ್ಟೆಲ್ಲ ಯಾವ ಮೀನಿಗೆ ಅಂದರೆ ಸ್ಟ್ರೈಪ್ಡ್ ಬಾಸ್‌ಗೆ. ಇಲ್ಲಿಯ ಬಾಯಲ್ಲಿ ಸ್ಟ್ರೈಪರ್, ನಾವಿಬ್ಬರೇ ಇದ್ದಾಗ ಪಟ್ಟೆಮೀನು. ಬೆಳ್ಳಿ ಬಣ್ಣದ ಮೈ, ಪಕ್ಕದಲ್ಲಿ ಉದ್ದುದ್ದ ಏಳೆಂಟು ಕಪ್ಪು ಪಟ್ಟೆ. ಬದುಕುವುದು ಸಮುದ್ರದಲ್ಲಿ, ಮೊಟ್ಟೆ ಇಡುವುದು ಹೊಳೆಯ ಸಿಹಿನೀರಿನಲ್ಲಿ. ದಕ್ಷಿಣದ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಡೆಲವೇರ್ ನದಿಯಲ್ಲಿ, ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ವಸಂತದಲ್ಲಿ ಮೊಟ್ಟೆ ಇಟ್ಟು, ಬೇಸಿಗೆಗೆ ಕರಾವಳಿ ಹಿಡಿದು ಉತ್ತರಕ್ಕೆ ಬರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ವಾಪಸು. ಹೋಗುವಾಗ ಬರುವಾಗ ನಮ್ಮ ಬಂಡೆಗಳ ಬುಡದಲ್ಲಿ ಮೇಯುತ್ತದೆ. ಇದರ ಮುಖ್ಯ ಆಹಾರಗಳಲ್ಲಿ ಮೆನ್‌ಹೇಡನ್ ಒಂದು, ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. ಭಾರಿ ಮೀನುಗಳೆಲ್ಲ ಹೆಣ್ಣು. ಮೂವತ್ತು ವರ್ಷದವರೆಗೂ ಬದುಕಬಲ್ಲವು.

ನೂರಾರು ಮೈಲಿ ಓಡಾಡುವ ಮೀನಿಗೆ ಗುಟ್ಟಿನ ಜಾಗ ಎಂಥದ್ದು ಅಂತ ನೀವು ಕೇಳಬಹುದು. ನಾವೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆವು. ಸಮುದ್ರ ಅಷ್ಟು ದೊಡ್ಡದಿದೆ, ಎಲ್ಲಿ ಎಸೆದರೇನು? ಆ ವರ್ಷ ಮೇ ತಿಂಗಳಿಂದ ನವೆಂಬರಿನವರೆಗೆ ಮೂವತ್ತೆಂಟು ರಾತ್ರಿ ಹೋದೆವು. ಸಿಕ್ಕಿದ್ದು ಎರಡು ಮೀನು, ಎರಡೂ ಮೊಳದುದ್ದದ ಮರಿ.

ಗುಟ್ಟು ಬರೀ ಜಾಗದ್ದಲ್ಲ, ಜಾಗ ಮತ್ತು ಹೊತ್ತು ಎರಡೂ ಕೂಡಿದ್ದು. ಒಂದು ಬಂಡೆ ಇರುತ್ತದೆ. ಅದರ ಎಡಕ್ಕೆ ನೀರಿನಡಿ ಒಂದು ತಗ್ಗು. ಇಳಿತ ಶುರುವಾದ ಎರಡನೇ ಗಂಟೆಯಲ್ಲಿ, ನೈಋತ್ಯದ ಗಾಳಿ ಇದ್ದರೆ ಮಾತ್ರ, ಆ ತಗ್ಗಿನ ಬಾಯಲ್ಲಿ ನೀರು ಸುಳಿ ತಿರುಗಿ ಸಣ್ಣ ಮೀನುಗಳು ದಿಕ್ಕು ತಪ್ಪುತ್ತವೆ. ದೊಡ್ಡದು ಕೆಳಗೆ ಕಾದಿರುತ್ತದೆ. ನಲವತ್ತು ನಿಮಿಷ, ಅಷ್ಟೇ. ಆಮೇಲೆ ಆ ಬಂಡೆಯ ಮೇಲೆ ಬೆಳಗಿನವರೆಗೆ ನಿಂತರೂ ಚಳಿ ಬಿಟ್ಟು ಏನೂ ಸಿಗುವುದಿಲ್ಲ. ಇದನ್ನು ತಿಳಿಯಲು ಒಬ್ಬನಿಗೆ ಹತ್ತು ವರ್ಷ ಬೇಕು. ಹೇಳಲು ಹತ್ತು ಸೆಕೆಂಡು ಸಾಕು. ಇವರು ಬಾಯಿ ಮುಚ್ಚಿಕೊಳ್ಳುವುದು ಯಾಕೆ ಅಂತ ನಮಗೆ ಅರ್ಥವಾಗಿದ್ದು ಆಗಲೇ.

ಹಿಂದೆ ಶ್ರೀಮಂತರು ಈ ತಂಟೆಯನ್ನು ಬೇರೆ ರೀತಿ ಬಗೆಹರಿಸಿಕೊಂಡಿದ್ದರು. ಇಲ್ಲಿಂದ ಪೂರ್ವಕ್ಕೆ ಕಟ್ಟಿಹಂಕ್ ಎಂಬ ದ್ವೀಪವಿದೆ. ನ್ಯೂಯಾರ್ಕಿನ ಹಣವಂತರು 1864ರಲ್ಲಿ ಅಲ್ಲಿ ಒಂದು ಕ್ಲಬ್ ಮಾಡಿ, ಬಂಡೆಯಿಂದ ಬಂಡೆಗೆ ಹಲಗೆ ಹಾಸಿ ಸಮುದ್ರದ ಮೇಲೆ ಅಟ್ಟಣೆ ಕಟ್ಟಿಸಿದರು. ಯಾರಿಗೆ ಯಾವ ಅಟ್ಟಣೆ ಅಂತ ಚೀಟಿ ಎತ್ತುತ್ತಿದ್ದರು. ಗಾಳಕ್ಕೆ ಎರೆ ಚುಚ್ಚಲೂ ಆಳು. ಅದು ಬೇರೆಯೇ ಲೋಕ ಬಿಡಿ. ನಾವು ಹೇಳುತ್ತಿರುವುದು ಹಗಲು ದುಡಿದು ರಾತ್ರಿ ಬಂಡೆ ಹತ್ತುವವರ ಸುದ್ದಿ.

ಅಂಥವರಲ್ಲಿ ಒಬ್ಬ ಅಜ್ಜ ನಮಗೆ ಸಿಕ್ಕಿದ. ಹೆಸರು ಹೇಳುವುದಿಲ್ಲ, ಹೇಳಿದರೆ ಬಂಡೆಯ ಹೆಸರು ಹೇಳಿದ ಹಾಗೇ. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಅವನು ನಮಗೆ ಆಡಿದ ಮೊದಲ ಮಾತು ‘ದೀಪ ಆರಿಸಿ’. ತಲೆಗೆ ಕಟ್ಟಿದ್ದ ಟಾರ್ಚು ನೀರಿನ ಮೇಲೆ ಬಿದ್ದರೆ ಮೀನು ಹೆದರುತ್ತದೆ, ಜೊತೆಗೆ ಯಾರೋ ಇಲ್ಲಿದ್ದಾರೆ ಅಂತ ಅರ್ಧ ಮೈಲಿಗೆ ಡಂಗುರ ಹೊಡೆದಂತೆ. ಆರಿಸಿದೆವು. ಮತ್ತೆ ಆ ರಾತ್ರಿ ಅವನು ಮಾತಾಡಲಿಲ್ಲ. ಆ ವರ್ಷವೂ ಮಾತಾಡಲಿಲ್ಲ ಅಂತಲೇ ಹೇಳಬೇಕು. ನಾವು ಮಳೆಗೂ ಬರುತ್ತೇವೆಯೇ, ಅವನ ಹಿಂದೆ ಕಳ್ಳಹೆಜ್ಜೆ ಇಡುತ್ತೇವೆಯೇ, ಹಿಡಿದ ಮೀನನ್ನು ಕಲ್ಲಿನ ಮೇಲೆ ಎಳೆದಾಡದೆ ನೀರಿಗೆ ಬಿಡುತ್ತೇವೆಯೇ ಅಂತ ನೋಡುತ್ತಿದ್ದನಂತೆ. ಎರಡನೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ ‘ಮಂಗಳವಾರ ರಾತ್ರಿ ಹನ್ನೊಂದಕ್ಕೆ. ಫೋನು ಕಾರಿನಲ್ಲೇ ಇರಲಿ’ ಅಂದ. ಹೆಣ್ಣು ನೋಡಲು ಹೋಗುವಾಗಲೂ ನಾವು ಅಷ್ಟು ಸಿದ್ಧತೆ ಮಾಡಿಕೊಂಡಿರಲಿಲ್ಲ.

ಆಗ ಬಂಡೆ ನೋಡಿದೆವು. ಅದಕ್ಕಿಂತ ಮುಖ್ಯವಾಗಿ ಅವನ ನೋಟ್‌ಬುಕ್ ನೋಡಿದೆವು. 1978ರಿಂದ ಪ್ರತಿ ರಾತ್ರಿಯ ಲೆಕ್ಕ: ತಾರೀಖು, ಚಂದ್ರ, ಗಾಳಿ, ಉಬ್ಬರದ ಹೊತ್ತು, ನೀರಿನ ಬಿಸಿ, ಯಾವ ಎರೆ. ಹೆಚ್ಚಿನ ಸಾಲುಗಳ ಕೊನೆಯಲ್ಲಿ ಸೊನ್ನೆ. ಜಾಗದ ಹೆಸರುಗಳೆಲ್ಲ ಅವನೇ ಇಟ್ಟುಕೊಂಡವು. ‘ಅತ್ತೆ ಮನೆ’ ಅಂತ ಒಂದು ಬಂಡೆಗೆ ಹೆಸರು. ಕಳೆದುಹೋದರೂ ಬೇರೆಯವನಿಗೆ ಅರ್ಥವಾಗಬಾರದು.

ಮೀನಿಗಿಂತ ಮೊದಲು ಅವನು ಕಲಿಸಿದ್ದು ಸಾಯದೆ ಇರುವುದನ್ನು. ಪಾಚಿ ಹಿಡಿದ ಬಂಡೆ ಎಣ್ಣೆ ಹಚ್ಚಿದ ಹಾಗಿರುತ್ತದೆ. ಬೂಟಿನ ಅಡಿಗೆ ಲೋಹದ ಮೊಳೆ ಬೇಕು. ಎದೆಯವರೆಗಿನ ರಬ್ಬರ್ ಉಡುಪಿನ ಮೇಲೆ ಸೊಂಟಕ್ಕೆ ಬಿಗಿಯಾಗಿ ಬೆಲ್ಟ್ ಕಟ್ಟಬೇಕು, ಇಲ್ಲದಿದ್ದರೆ ಬಿದ್ದಾಗ ಒಳಗೆ ನೀರು ತುಂಬುತ್ತದೆ. ಬಂಡೆಗೆ ಇಳಿಯುವ ಮುಂಚೆ ಹತ್ತು ನಿಮಿಷ ಸುಮ್ಮನೆ ನಿಂತು ತೆರೆ ಎಣಿಸಬೇಕು. ಇಲ್ಲಿಯ ನ್ಯಾರಗ್ಯಾನ್ಸೆಟ್ ಊರಿನ ಬಂಡೆಗಳಿಂದ ತೆರೆಗೆ ಸಿಕ್ಕಿ ಹೋದವರಿದ್ದಾರೆ. ಜೀವಂತ ಹಾವುಮೀನನ್ನು ಎರೆ ಮಾಡುವಾಗ ಐಸಿನ ಮೇಲೆ ಇಟ್ಟು ಮಂಕು ಮಾಡಿ, ಒರಟು ಬಟ್ಟೆಯಲ್ಲಿ ಹಿಡಿಯಬೇಕು. ಬರಿಗೈಗೆ ಅದು ಸಿಕ್ಕುವುದೇ ಇಲ್ಲ.

ಫ್ರಾಂಕ್ ಡೆನ್ಯೋ ಎಂಬ ಶಾಲಾ ಮೇಷ್ಟ್ರು ಈ ಹುಚ್ಚಿನ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರೆ. ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳ ಸಮೇತ ಕೇಪ್ ಕಾಡ್‌ನ ಮರಳಿನ ಮೇಲೆ ಗಾಡಿಯಲ್ಲೇ ಸಂಸಾರ ಮಾಡಿ, ರಾತ್ರಿ ಹಿಡಿದು, ಮಾರಿ ಬದುಕಿದವರು. ಹೆಂಡತಿಯೂ ಗಟ್ಟಿ ಗಾಳಗಾತಿ. ಹಾಗೆ ಒಪ್ಪಿಕೊಳ್ಳುವ ಮನೆಯವರು ಎಲ್ಲರಿಗೂ ಇರುವುದಿಲ್ಲ. ನಮ್ಮಿಬ್ಬರ ಮನೆಗಳಲ್ಲಿ ‘ಗುರುವಾರ ರಾತ್ರಿ’ ಎಂಬ ಮಾತು ಬೈಗುಳವಾಗಿ ಚಾಲ್ತಿಯಲ್ಲಿದೆ.

ಅಜ್ಜ ಬಾಯಿ ಬಿಟ್ಟು ಹೇಳಿದ ದೊಡ್ಡ ಕತೆ ಬ್ಲಾಕ್ ಐಲೆಂಡಿನದು. ನಮ್ಮ ದಂಡೆಯಿಂದ ಹಡಗಿನಲ್ಲಿ ಹೋಗುವ ದ್ವೀಪ. 1980ರ ದಶಕದ ಮೊದಲ ವರ್ಷಗಳಲ್ಲಿ, ನವೆಂಬರಿನ ಕೊರೆಯುವ ರಾತ್ರಿಗಳಲ್ಲಿ, ಕೆಲವೇ ಮಂದಿ ಅಲ್ಲಿ ಐವತ್ತು ಪೌಂಡಿನ, ಅಂದರೆ ಇಪ್ಪತ್ತೆರಡು ಕೆಜಿ ಮೀರಿದ ಮೀನುಗಳನ್ನು ದಂಡೆಯಿಂದಲೇ ಎಳೆಯುತ್ತಿದ್ದರು. ಸುದ್ದಿ ಹೊರಬೀಳದಂತೆ ಕಾಪಾಡಿಕೊಂಡರು. ಕೊನೆಗೆ ಬಿದ್ದೇ ಬಿತ್ತು. ಅದೇ ಸುಮಾರಿಗೆ, 1982ರ ಸೆಪ್ಟೆಂಬರ್ 21ರ ಬಿರುಗಾಳಿಯ ರಾತ್ರಿ, ಅಲ್ ಮೆಕ್‌ರೆನಾಲ್ಡ್ಸ್ ಎಂಬವನು ಅಟ್ಲಾಂಟಿಕ್ ಸಿಟಿಯ ಕಲ್ಲುಕಟ್ಟೆಯಿಂದ 78 ಪೌಂಡ್ 8 ಔನ್ಸಿನ ಮೀನು ಹಿಡಿದ. ಮೂವತ್ತೈದೂವರೆ ಕೆಜಿ. ವಿಶ್ವದಾಖಲೆ. ಗಾಳದ ಕಂಪನಿಯೊಂದರಿಂದ ಎರಡೂವರೆ ಲಕ್ಷ ಡಾಲರ್ ಬಹುಮಾನ ಬಂತು, ಅದರ ಹಿಂದೆಯೇ ಅನುಮಾನ ಮತ್ತು ಹೊಟ್ಟೆಕಿಚ್ಚು. ಆ ದಾಖಲೆ ಮುರಿದದ್ದು 2011ರಲ್ಲಿ, ಅದೂ ದೋಣಿಯಿಂದ.

ಈ ಕತೆಗಳಲ್ಲಿ ನಮ್ಮನ್ನು ಕಾಡುವುದು ಬೇರೆ. ಅಷ್ಟು ದೊಡ್ಡ ಮೀನುಗಳು ಸಿಗುತ್ತಿದ್ದ ಆ ವರ್ಷಗಳಲ್ಲೇ ಈ ಸಂತತಿ ನೆಲಕಚ್ಚುತ್ತಿತ್ತು. ಇದ್ದದ್ದು ಹಳೇ ಹೆಣ್ಣುಗಳು ಮಾತ್ರ, ಹಿಂದೆ ಮರಿಗಳಿರಲಿಲ್ಲ. ತನ್ನ ಬಂಡೆಯ ಮೇಲೆ ಗುಟ್ಟಾಗಿ ನಿಂತವನಿಗೆ ಸಮುದ್ರ ತುಂಬಿದ ಹಾಗೇ ಕಾಣುತ್ತಿತ್ತು. ಪಕ್ಕದವನ ಬಂಡೆಯಲ್ಲಿ ಏನಾಗುತ್ತಿದೆ ಅಂತ ಕೇಳುವಂತಿಲ್ಲವಲ್ಲ. 1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾನೂನು ಮಾಡಿತು. 1985ರಿಂದ ಐದು ವರ್ಷ ಮೇರಿಲ್ಯಾಂಡ್ ರಾಜ್ಯ ಹಿಡಿಯುವುದನ್ನೇ ನಿಲ್ಲಿಸಿತು. 1995ರಲ್ಲಿ ಸಂತತಿ ಚೇತರಿಸಿತು ಅಂತ ಘೋಷಣೆಯಾಯಿತು.

ಈಗ ನಮ್ಮ ಮೂರನೆಯವನ ವಿಚಾರ. ಇಲ್ಲಿಯವನೇ, ನಮಗಿಂತ ಚಿಕ್ಕವನು, ನಮ್ಮಲ್ಲೊಬ್ಬರ ಜೊತೆ ಕೆಲಸ ಮಾಡುವವನು. ಅಜ್ಜನಿಗೂ ಅವನ ಮೇಲೆ ಪ್ರೀತಿ. 2022ರ ಅಕ್ಟೋಬರಿನಲ್ಲಿ ತೆರೆಯೊಂದು ನಮ್ಮಲ್ಲೊಬ್ಬನನ್ನು ಬಂಡೆಯಿಂದ ಕೆಳಗೆಳೆದಾಗ, ಗಾಳದ ಕೋಲು ಬಿಸಾಡಿ, ಹೊಟ್ಟೆಯ ಮೇಲೆ ಮಲಗಿ ಕೈ ಹಿಡಿದು ಎಳೆದವನು ಅವನೇ. ಕೋಲು ಸಮುದ್ರಕ್ಕೆ ಹೋಯಿತು, ಸಾವಿರ ಡಾಲರಿನದು. ಒಂದು ದಿನವೂ ಅದರ ಮಾತೆತ್ತಲಿಲ್ಲ.

ಮರುವರ್ಷ ಅವನು ನಲವತ್ತೊಂದು ಪೌಂಡಿನ ಮೀನು ಹಿಡಿದ. ಫೋಟೋ ತೆಗೆದುಕೊಂಡ. ಫೇಸ್‌ಬುಕ್ಕಿಗೆ ಹಾಕಿದ. ಹಿನ್ನೆಲೆಯಲ್ಲಿ ಒಂದು ಗೇಣು ಕಲ್ಲಿನ ಗೋಡೆ, ಬೇರೇನಿಲ್ಲ. ಹುಡುಕುವವರಿಗೆ ಅಷ್ಟು ಸಾಕಿತ್ತು. ಎಂಟು ದಿನದಲ್ಲಿ ರಸ್ತೆ ಪಕ್ಕ ಹನ್ನೊಂದು ಕಾರು. ಬಿಯರ್ ಡಬ್ಬಿ, ಕಡಿದ ಗಾಳದ ದಾರ, ಅಳತೆ ಮೀರಿದ ಮೀನಿನ ತಲೆ. ಅಕ್ಕಪಕ್ಕದ ಮನೆಯವರು ದೂರು ಕೊಟ್ಟರು. ಕಾರು ನಿಲ್ಲಿಸಬಾರದು ಅಂತ ಫಲಕ ಬಂತು.

ಅಜ್ಜ ಕೂಗಾಡಲಿಲ್ಲ. ಅವನಿಗೆ ಫೋನು ಮಾಡುವುದನ್ನು ನಿಲ್ಲಿಸಿದ, ಅಷ್ಟೇ. ‘ಅವನು ಹುಡುಗ, ಖುಷಿಗೆ ಹಾಕಿದ್ದಾನೆ’ ಅಂತ ನಾವು ಹೇಳಿ ನೋಡಿದೆವು. ‘ಹೌದು, ಖುಷಿಗೆ’ ಅಂದು ನೋಟ್‌ಬುಕ್ ಮುಚ್ಚಿದ. ಹುಡುಗ ಈಗಲೂ ಕೆಲಸದ ಜಾಗದಲ್ಲಿ ಕಾಫಿ ಕುಡಿಯುತ್ತ ‘ಈ ವಾರ ಹೋಗ್ತಿದ್ದೀರಾ?’ ಅಂತ ಕೇಳುತ್ತಾನೆ. ಜೀವ ಉಳಿಸಿದವನಿಗೆ ಬಂಡೆಯ ಹೆಸರು ಹೇಳುವಂತಿಲ್ಲ. ಅಜ್ಜ ನಮಗೆ ಕೊಟ್ಟದ್ದನ್ನು ನಾವು ಇನ್ನೊಬ್ಬರಿಗೆ ಕೊಡುವ ಹಕ್ಕಿಲ್ಲ. ‘ಏನು ಮಾಡೋದು ಮಾರಾಯ’ ಅಂತ ನಾವಿಬ್ಬರು ಕಾರಿನಲ್ಲಿ ಎಷ್ಟು ಸಲ ಮಾತಾಡಿಕೊಂಡಿದ್ದೇವೋ. ಇನ್ನೂ ತೀರ್ಮಾನವಾಗಿಲ್ಲ. ಅವನನ್ನು ಬೇರೆ ಕಡೆ, ಎಲ್ಲರಿಗೂ ಗೊತ್ತಿರುವ ಮರಳದಂಡೆಗೆ ಕರೆದುಕೊಂಡು ಹೋಗುತ್ತೇವೆ. ಅವನಿಗೆ ಅದು ಅರ್ಥವಾಗುತ್ತದೆ ಅನ್ನುವುದೇ ಸಂಕಟ.

ಇತ್ತ ಮೀನೂ ಮತ್ತೆ ಕಡಿಮೆಯಾಗುತ್ತಿದೆ. ಮೇರಿಲ್ಯಾಂಡಿನವರು 1954ರಿಂದ ಪ್ರತಿ ಬೇಸಿಗೆ ಚೆಸಪೀಕ್‌ನಲ್ಲಿ ಬಲೆ ಎಳೆದು ಆ ವರ್ಷ ಹುಟ್ಟಿದ ಮರಿಗಳನ್ನು ಎಣಿಸುತ್ತಾರೆ. ಒಂದು ಬಲೆಗೆ ದೀರ್ಘಕಾಲದ ಸರಾಸರಿ ಸುಮಾರು 11. 2023ರಲ್ಲಿ ಬಂದದ್ದು 1.0. 2024ರಲ್ಲಿ 2.0. ಈಗ ನಮಗೆ ಸಿಗುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವು 2015ರ ಒಳ್ಳೆಯ ವರ್ಷದಲ್ಲಿ ಹುಟ್ಟಿದವು. ಈಗಿನ ನಿಯಮದಂತೆ ದಿನಕ್ಕೆ ಒಂದೇ ಮೀನು ಇಟ್ಟುಕೊಳ್ಳಬಹುದು, ಅದೂ 28ರಿಂದ 31 ಇಂಚಿನ ಒಳಗಿನದು. ನಾವು ಅದನ್ನೂ ಬಿಡುತ್ತೇವೆ. ಸಾರಿಗೆ ಅಂಗಡಿ ಮೀನು ಸಾಕು.

ಅಜ್ಜ ಮೊದಲು ಮರಿ ಸಿಕ್ಕರೆ ಬರೆಯುತ್ತಲೇ ಇರಲಿಲ್ಲ. ಈಗ ನಮ್ಮ ಕೈಯಲ್ಲಿ ಬರೆಸುತ್ತಾನೆ. ಇನ್ನೊಂದು ಸಂಗತಿ ನಮಗೆ ತಡವಾಗಿ ಗೊತ್ತಾಯಿತು. ಅಮೆರಿಕನ್ ಲಿಟೊರಲ್ ಸೊಸೈಟಿ ಎಂಬ ಸಂಸ್ಥೆ ಗಾಳದವರಿಗೆ ಸಣ್ಣ ಪ್ಲಾಸ್ಟಿಕ್ ಗುರುತುಪಟ್ಟಿ ಕೊಡುತ್ತದೆ. ಹಿಡಿದ ಮೀನಿನ ಬೆನ್ನಿಗೆ ಚುಚ್ಚಿ ಬಿಟ್ಟು, ಕಾರ್ಡಿನಲ್ಲಿ ಅಳತೆ, ತಾರೀಖು, ಜಾಗ ಬರೆದು ಕಳಿಸಬೇಕು. ಮತ್ತೆ ಯಾರಿಗಾದರೂ ಸಿಕ್ಕರೆ ಇಬ್ಬರಿಗೂ ಸುದ್ದಿ ಬರುತ್ತದೆ. ನಮ್ಮ ಅಜ್ಜ ಇಪ್ಪತ್ತು ವರ್ಷದಿಂದ ಇದನ್ನು ಮಾಡುತ್ತಿದ್ದಾನೆ. ಮಗನಿಗೂ ಹೇಳದ ಜಾಗವನ್ನು ಆ ಕಾರ್ಡಿನಲ್ಲಿ ಸರಿಯಾದ ಹೆಸರಿನಿಂದಲೇ ಬರೆಯುತ್ತಾನೆ. ‘ಅತ್ತೆ ಮನೆ’ ಅಂತಲ್ಲ.

ಈ ವರ್ಷ ಅವನ ಮೊಣಕಾಲು ಬಂಡೆಗೆ ಇಳಿಯಲು ಬಿಡುತ್ತಿಲ್ಲ. ಕಾರಿನಲ್ಲಿ ಕಂಬಳಿ ಹೊದ್ದು ಕೂತಿರುತ್ತಾನೆ. ಜುಲೈನಲ್ಲಿ ಒಂದು ಸಂಜೆ ಜೇಬಿನಿಂದ ಕಾಗದ ತೆಗೆದು ನಮ್ಮ ಕೈಗಿಟ್ಟ. ಹಿಂದಿನ ಅಕ್ಟೋಬರಿನಲ್ಲಿ ನಾವು ಮೂವರೂ ಸೇರಿ ಗುರುತು ಚುಚ್ಚಿ ಬಿಟ್ಟ ಮೀನು. ಮೇ ತಿಂಗಳಲ್ಲಿ ಹಡ್ಸನ್ ನದಿಯಲ್ಲಿ, ನ್ಯೂಬರ್ಗ್ ಊರಿನ ಹತ್ತಿರ ಒಬ್ಬನಿಗೆ ಸಿಕ್ಕಿದೆ. ಮೊಟ್ಟೆ ಇಡಲು ಹೋದದ್ದಿರಬೇಕು. ಎರಡು ಇಂಚು ಬೆಳೆದಿದೆ. ಅಳತೆ ಬರೆದುಕೊಂಡು ಮತ್ತೆ ನೀರಿಗೆ ಬಿಟ್ಟಿದ್ದಾನೆ.

ಅಜ್ಜ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟ.

‘ನೋಡಿ ಇವನನ್ನು,’ ಅಂದ. ‘ಜಾಗದ ಹೆಸರನ್ನೇ ಬರೆದುಬಿಟ್ಟಿದ್ದಾನೆ!’

ಆಮೇಲೆ ಗಡಿಯಾರ ನೋಡಿ, ಇಳಿತ ಶುರುವಾಗಿ ಒಂದೂವರೆ ಗಂಟೆಯಾಯಿತು, ಇನ್ನೂ ಇಲ್ಲೇ ಏನು ಮಾಡುತ್ತಿದ್ದೀರಿ ಅಂತ ನಮ್ಮನ್ನು ಗದರಿದ.