ಬರಿಗೊಡ

ಕಳೆದ ಬೇಸಗೆಯ ರಜೆಯಲ್ಲಿ ಮನೆಗೆ ಬಂದಿದ್ದ ನನ್ನ ಮೊಮ್ಮಗಳು ಪ್ರಾಚೀನ ಈಜಿಪ್ಟು ದೇಶವನ್ನು ಕುರಿತ ಚಿತ್ರಪುಸ್ತಕವೊಂದನ್ನು ತಂದಿದ್ದಳು. ಅದರ ಒಂದು ಪುಟದಲ್ಲಿ ನಾಲ್ಕು ಶಿಲಾಕುಂಭಗಳು ಸಾಲಾಗಿ ನಿಂತಿದ್ದುವು. ಒಂದರ ಮುಚ್ಚಳ ಮನುಷ್ಯನ ತಲೆ. ಉಳಿದವು ಕಪಿ, ನರಿ, ಗಿಡುಗಗಳ ತಲೆಗಳು. "ತಾತ, ಇವು ಏನು?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಬಂದರೆ ಬಾಯಿ ಸುಮ್ಮನಿರುವುದುಂಟೆ?

ನಾವು ದೇಹವನ್ನು ಅಗ್ನಿಗೆ ಒಪ್ಪಿಸಿ ಜೀವಕ್ಕೆ ಬಿಡುಗಡೆಯಾಯಿತೆಂದು ತಿಳಿಯುತ್ತೇವೆ. ದೇಹ ಕೆಟ್ಟುಹೋದರೆ ಪರಲೋಕದ ಬಾಳೇ ಇಲ್ಲವೆಂದು ಈಜಿಪ್ಟಿನವರು ನಂಬಿದರು. ಆದುದರಿಂದ ಮೊದಲು ಕೊಳೆಯತಕ್ಕ ಒಳಗಿನ ಅವಯವಗಳನ್ನು ಎಡಪಕ್ಕೆಯನ್ನು ಸೀಳಿ ಹೊರತೆಗೆದು, ನೇಟ್ರನ್ ಎಂಬ ಒಂದು ಬಗೆಯ ಚೌಳುಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆಯಲ್ಲಿ ಸುತ್ತಿ, ಕುಂಭಗಳಲ್ಲಿ ಇಡುತ್ತಿದ್ದರು. ಶವಸಂಸ್ಕಾರವೆಲ್ಲ ಮುಗಿಯಲು 70 ದಿನಗಳು ಹಿಡಿಯುತ್ತಿದ್ದುವು. ನಮ್ಮ ದಿಕ್ಪಾಲಕರಂತೆ ಹೋರಸ್ ದೇವನ ನಾಲ್ವರು ಮಕ್ಕಳು ಈ ಕುಂಭಗಳ ಕಾವಲುಗಾರರು. ಮನುಷ್ಯಮುಖದ ಇಮ್ಸೆಟಿಯದು ಯಕೃತ್ತು. ಕಪಿಮುಖದ ಹಾಪಿಯದು ಶ್ವಾಸಕೋಶ. ನರಿಮುಖದ ದುವಾಮುತೆಫನದು ಜಠರ. ಗಿಡುಗಮುಖದ ಕೆಬೆಹ್ಸೆನುಯೆಫನದು ಕರುಳು. ಮಿದುಳನ್ನು ಮೂಗಿನ ಮಾರ್ಗವಾಗಿ ತೆಗೆದು ನಿಷ್ಪ್ರಯೋಜಕವೆಂದು ಎಸೆದುಬಿಡುತ್ತಿದ್ದರು. ಹೃದಯವನ್ನು ಮಾತ್ರ ದೇಹದಲ್ಲಿಯೇ ಬಿಡುತ್ತಿದ್ದರು. ಏಕೆಂದರೆ ಪರಲೋಕದ ನ್ಯಾಯಸ್ಥಾನದಲ್ಲಿ ಸತ್ಯದೇವತೆಯ ಗರಿಯೊಡನೆ ತಕ್ಕಡಿಯಲ್ಲಿ ತೂಗಬೇಕಾದುದು ಅದು. ಆ ಹೃದಯವು ತನ್ನ ಒಡೆಯನ ವಿರುದ್ಧವಾಗಿ ಸಾಕ್ಷಿ ನುಡಿಯದಿರಲೆಂದು ಬೇಡುವ ಮಂತ್ರವೂ ಅವರಲ್ಲಿದ್ದಿತು.

ಈ ಕುಂಭಗಳಿಗೆ ಪಾಶ್ಚಾತ್ಯ ವಿದ್ವಾಂಸರು ಇಟ್ಟ 'ಕೆನೋಪಿಕ್' ಎಂಬ ಹೆಸರು ಒಂದು ಭ್ರಮೆಯಿಂದ ಹುಟ್ಟಿದುದು. ಕೆನೋಪಸ್ ಎಂಬಾತನು ಗ್ರೀಕರ ಪುರಾಣದಲ್ಲಿ ಮೆನೆಲಾಸ್ ರಾಜನ ನಾವಿಕ. ಅವನ ಹೆಸರಿನ ಈಜಿಪ್ಟಿನ ಪಟ್ಟಣದಲ್ಲಿ ಮನುಷ್ಯಶಿರವುಳ್ಳ ಕುಂಭಾಕಾರದ ದೇವರನ್ನು ಪೂಜಿಸುತ್ತಿದ್ದರು. ಇವೂ ಅವೇ ಎಂದು ಹಿಂದಿನವರು ಎಣಿಸಿದರು. ದಕ್ಷಿಣದ ಆಕಾಶದಲ್ಲಿ ಬೆಳಗುವ ಕೆನೋಪಸ್ ಎಂಬ ನಕ್ಷತ್ರವನ್ನು ನಮ್ಮವರು ಅಗಸ್ತ್ಯನೆಂದು ಕರೆದರು, ಅಗಸ್ತ್ಯನಾದರೋ ಕುಂಭಸಂಭವ! ಇದು ಕಾಕತಾಳೀಯವೆಂದು ಬಲ್ಲೆನಾದರೂ ಪಾಠಶಾಲೆಯಲ್ಲಿ ಓದಿದ ಮನಸ್ಸಿಗೆ ಇಂಥದರಲ್ಲಿ ಒಂದು ಸಂತೋಷ.

ಮಹಾ ಪಿರಮಿಡನ್ನು ಕಟ್ಟಿಸಿದ ಖುಫು ಅರಸನ ತಾಯಿ ಹೆಟೆಫೆರೆಸ್. ಕ್ರಿ. ಪೂ. 2600ರ ಸುಮಾರಿನ ಆ ರಾಣಿಯ ವಸ್ತುಗಳಿದ್ದ ಗುಪ್ತ ಕೋಣೆಯನ್ನು 1925ರಲ್ಲಿ ಅಮೆರಿಕದ ರೀಸ್ನರ್ ಎಂಬ ವಿದ್ವಾಂಸರ ತಂಡದವರು ಗಿಜಾದಲ್ಲಿ ಕಂಡರು. 1927ರಲ್ಲಿ ಕಲ್ಲಿನ ಶವಪೆಟ್ಟಿಗೆಯನ್ನು ತೆರೆದಾಗ ಅದು ಬರಿದಾಗಿತ್ತು, ರಾಣಿಯ ದೇಹವಿರಲಿಲ್ಲ. ಆದರೆ ಪಕ್ಕದಲ್ಲಿ ಹಾಲುಗಲ್ಲಿನ ನಾಲ್ಕು ಅರೆಗಳ ಪೆಟ್ಟಿಗೆಯೊಂದಿದ್ದಿತು. ಅದರಲ್ಲಿ ಅವಯವಗಳ ಗಂಟುಗಳೂ, ಅವನ್ನು ನೆನೆಸಿಟ್ಟ ಉಪ್ಪುನೀರೂ ನಾಲ್ಕೂವರೆ ಸಾವಿರ ವರ್ಷ ಕಳೆದರೂ ಉಳಿದಿದ್ದುವು.

ಇದಕ್ಕೆ ವಿಪರೀತವಾದ ಸಂಗತಿಯೂ ಉಂಟು. ಕ್ರಿ. ಪೂ. 1070ರ ಸುಮಾರಿನಲ್ಲಿ ಮೊದಲಾದ 21ನೆಯ ರಾಜವಂಶದ ಕಾಲಕ್ಕೆ ಅವಯವಗಳನ್ನು ಸಂಸ್ಕರಿಸಿ ದೇಹದೊಳಕ್ಕೇ ಹಿಂದಿರುಗಿಸುವ ಪದ್ಧತಿ ಬಂದಿತು. ಕುಂಭಗಳಿಗೆ ಇನ್ನು ಕೆಲಸವಿಲ್ಲ. ಆದರೂ ಅನುಕೂಲಸ್ಥರು ಅವನ್ನು ಬಿಡಲಿಲ್ಲ. ಬರಿದಾದ ಕುಂಭಗಳನ್ನೇ ಸಮಾಧಿಯಲ್ಲಿ ಇಟ್ಟರು. ಕೆಲವಂತೂ ಒಳಗೆ ಕೊರೆಯದೆ ಬಿಟ್ಟ ಗಟ್ಟಿಕಲ್ಲುಗಳು.

ಹಿಂದೊಮ್ಮೆ, ಚರಿತ್ರೆಯ ಉಪಾಧ್ಯಾಯರು ರಜೆಯಲ್ಲಿದ್ದಾಗ, ಸಂಸ್ಕೃತ ಪಂಡಿತನಾದ ನಾನು ಅವರ ತರಗತಿಯಲ್ಲಿ ಈ ವಿಷಯವನ್ನು ಹೇಳಿದ್ದುಂಟು. "ಅರ್ಥ ಸತ್ತುಹೋದ ಮೇಲೂ ಆಚಾರವನ್ನು ಹೊತ್ತು ತಿರುಗುವ ಮೂಢತನಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ" ಎಂದೆ. ಹುಡುಗರು ನಕ್ಕರು. ನಾನೂ ನಕ್ಕೆ.

ಈ ಸಲ ಮೊಮ್ಮಗಳಿಗೆ ಅಷ್ಟೂ ಹೇಳಿದೆ. ಅವಳು ನಗಲಿಲ್ಲ. "ಒಳಗೆ ಏನೂ ಇಲ್ಲವಲ್ಲ ತಾತ, ಮತ್ತೇಕೆ ಇಟ್ಟರು?" ಎಂದಳು. ನನ್ನ ಹಳೆಯ ಉತ್ತರ ನಾಲಗೆಯ ತುದಿಯವರೆಗೆ ಬಂದು ನಿಂತುಹೋಯಿತು.

ಅದಕ್ಕೆ ಕಾರಣವನ್ನು ವಾಚಕರಲ್ಲಿ ಮರೆಮಾಚಲಾರೆ. ನನ್ನ ಮನೆಯಾಕೆ ತೀರಿಕೊಂಡು ಆರು ವರ್ಷಗಳಾದುವು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಯಥಾವಿಧಿಯಾಗಿ ವಿಸರ್ಜಿಸಿದೆನು, ಏನನ್ನೂ ಉಳಿಸಿಕೊಳ್ಳಲಿಲ್ಲ. ಆದರೆ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿ ತಲೆದೆಸೆಯಲ್ಲಿ ಇಟ್ಟುಕೊಳ್ಳುವುದು ಆಕೆಯ ವಾಡಿಕೆಯಾಗಿತ್ತು. ಆ ಚೊಂಬನ್ನು ವಾರಕ್ಕೊಮ್ಮೆ ಹುಣಿಸೆಹಣ್ಣು ಹಚ್ಚಿ ಬೆಳಗಿ, ಪ್ರತಿರಾತ್ರಿಯೂ ನೀರು ತುಂಬಿ, ಅದೇ ಜಾಗದಲ್ಲಿ ಇಡುತ್ತ ಬಂದಿದ್ದೇನೆ. ಬೆಳಗ್ಗೆ ಆ ನೀರನ್ನು ತುಲಸಿಗೆ ಹೊಯ್ಯುತ್ತೇನೆ. ಇದನ್ನು ಯಾವ ಶಾಸ್ತ್ರವೂ ವಿಧಿಸಿಲ್ಲ. ಆಕೆ ಬಂದು ಕುಡಿಯುವಳೆಂಬ ನಂಬಿಕೆಯೂ ನನಗಿಲ್ಲ. ಒಂದು ರಾತ್ರಿ ಇಡದೆ ಮಲಗಿ ನೋಡಿದೆ. ನಿದ್ರೆ ಬಾರದೆ ಎದ್ದು ಇಟ್ಟೆ.

ಆ ಕಾಲದ ಮಗನೊಬ್ಬನು ತಂದೆಯ ಅವಯವಗಳು ದೇಹದಲ್ಲಿಯೇ ಇವೆಯೆಂದು ಬಲ್ಲವನಾಗಿಯೂ ಶಿಲ್ಪಿಯ ಮನೆಗೆ ಹೋಗಿ ನಾಲ್ಕು ಕುಂಭಗಳನ್ನು ಕೊಂಡಿರಬಹುದು. ಅಜ್ಜನಿಗೆ ಇಟ್ಟಿದ್ದರು, ಅಪ್ಪನಿಗೆ ಇಡದೆ ಹೇಗಿರಲಿ ಎಂದುಕೊಂಡಿರಬಹುದು. ಅವನನ್ನು ಮೂಢನೆನ್ನಲು ಈಗ ನನಗೆ ಬಾಯಿಲ್ಲ.

ಮೊಮ್ಮಗಳಿಗೆ, "ಇಡದೆ ಇರಲು ಅವರಿಗೆ ಮನಸ್ಸು ಬರಲಿಲ್ಲ, ಮಗು" ಎಂದಷ್ಟೇ ಹೇಳಿದೆ. ಅವಳಿಗೆ ಅದು ಸಾಕಾಯಿತು; ಪುಟ ತಿರುವಿದಳು. ಅಂದು ಆ ತರಗತಿಯಲ್ಲಿದ್ದವರು ಯಾರಾದರೂ ಈ ಲೇಖನವನ್ನು ಓದುವುದಾದರೆ, ಅವರಲ್ಲಿ ಒಂದು ಬಿನ್ನಹ: ನಾನು ನಗುತ್ತ ಹೇಳಿದ ಆ ಮಾತು ತಪ್ಪು. ದಯವಿಟ್ಟು ತಿದ್ದಿಕೊಳ್ಳಿರಿ.